ಅಂಗೈಯ ಮೇಲಿನ ಸೊನ್ನೆ

ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ಹೊರಳಿದರೆ ಕೆಲವೇ ನಿಮಿಷಗಳಲ್ಲಿ ನಾನಾ ಚೌಕ ಎದುರಾಗುತ್ತದೆ. ತಲೆಯ ಮೇಲೆ ಚಕ್ರಾಕಾರದ ಸ್ಕೈವಾಕ್, ಕೆಳಗೆ ಎಲ್ಲ ದಿಕ್ಕುಗಳಿಂದ ನುಗ್ಗಿಬರುವ ಬಸ್ಸು, ಟ್ಯಾಕ್ಸಿಗಳು. ಈ ಗದ್ದಲದ ನಡುವೆ ಎರಡು ಹೆಸರುಗಳು ಅಕ್ಕಪಕ್ಕದಲ್ಲಿ ನಿಂತಿರುವುದನ್ನು ನಾವು ಬಹುಕಾಲ ಗಮನಿಸಿಯೇ ಇರಲಿಲ್ಲ. ರಸ್ತೆಗೂ ನಿಲ್ದಾಣಕ್ಕೂ ಹೆಸರು ಕೊಟ್ಟವರು 1835ರಿಂದ 1838ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್. ಚೌಕಕ್ಕೆ ಹೆಸರು ಕೊಟ್ಟವರು ಜಗನ್ನಾಥ ಶಂಕರಶೇಟ್, ಜನರ ಬಾಯಲ್ಲಿ ನಾನಾ ಶಂಕರಶೇಟ್. ರಾಬರ್ಟ್ ಗ್ರಾಂಟರ ತಂದೆ ಚಾರ್ಲ್ಸ್ ಗ್ರಾಂಟ್ ಈಸ್ಟ್ ಇಂಡಿಯಾ ಕಂಪನಿಯ ಪ್ರಭಾವಿ ನಿರ್ದೇಶಕ. ಈ ದೇಶದ ಜನರನ್ನು ಕತ್ತಲೆಯಿಂದ ಎತ್ತಬೇಕಾದರೆ ಇಂಗ್ಲಿಷ್ ವಿದ್ಯೆಯೇ ಬೇಕೆಂದು 1792ರಲ್ಲೇ ಪ್ರಬಂಧ ಬರೆದವರು. ನಾನಾ ಶಂಕರಶೇಟರಾದರೋ 1840ರ ದಶಕದ ಕೊನೆಯಲ್ಲಿ, ಮುಂಬಯಿಯ ಶಿಕ್ಷಣ ಮಂಡಳಿಯೊಳಗೆ ಇಂಗ್ಲಿಷೋ ದೇಶಭಾಷೆಯೋ ಎಂಬ ವಾದ ಎದ್ದಾಗ, ದೇಶಭಾಷೆಯ ಪಕ್ಷದಲ್ಲಿ ನಿಂತವರು. ಎರಡು ಹೆಸರುಗಳ ನಡುವಣ ಈ ಇನ್ನೂರು ಮುನ್ನೂರು ಹೆಜ್ಜೆಗಳಲ್ಲಿ ನಮ್ಮ ಶಾಲೆಗಳ ಇತಿಹಾಸದ ದೊಡ್ಡದೊಂದು ತಕರಾರು ಅಡಗಿದೆ.

ಆ ತಕರಾರಿನಲ್ಲಿ ನಾವು ಇಲ್ಲಿ ಎತ್ತಿಕೊಳ್ಳುವುದು ಒಂದು ಸಣ್ಣ ಎಳೆಯನ್ನು ಮಾತ್ರ: ಲೆಕ್ಕ ಕಲಿಸುವ ಬಗೆ. ಮಕ್ಕಳನ್ನು ಸಣ್ಣ ಗುಂಪುಗಳಾಗಿ ಕೂರಿಸಿ, ಒಂದೊಂದು ಗುಂಪಿಗೆ ಒಂದೊಂದು ತಾಣ ಗೊತ್ತುಮಾಡಿ, ಕೈಗೆ ಕಡ್ಡಿ, ಕಾಳು, ಮಣಿ ಕೊಟ್ಟು ಗಣಿತ ಕಲಿಸುವುದು ಇಂದು ಹೊಸ ಪದ್ಧತಿ ಎನಿಸಿಕೊಂಡಿದೆ. ಈ ನಗರದ ದುಬಾರಿ ಶಾಲೆಗಳ ಮಾಹಿತಿ ಪುಸ್ತಿಕೆಗಳಲ್ಲಿ ಅದು ವಿದೇಶದಿಂದ ತರಿಸಿದ ವಸ್ತುವಿನಂತೆ ಮಿಂಚುತ್ತದೆ. ಅದರ ಊರು ಯಾವುದೆಂದು ಹುಡುಕುತ್ತ ಹೋದ ನಮಗೆ ಎದುರಾದದ್ದು ಬಳ್ಳಾರಿ.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳಿಂದ ದೇಶೀಯ ಶಾಲೆಗಳ ಲೆಕ್ಕ ಕೇಳಿದ. ಹೆಚ್ಚಿನ ಕಲೆಕ್ಟರರು ಕೋಷ್ಟಕ ತುಂಬಿಸಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಹಾಗೆ ಮಾಡಲಿಲ್ಲ. ತೆಲುಗಿಗೆ ವ್ಯಾಕರಣ ಬರೆದಿದ್ದ ಆತನಿಗೆ ಮಕ್ಕಳು ಹೇಗೆ ಕಲಿಯುತ್ತಾರೆಂಬ ಕುತೂಹಲವಿತ್ತು. 1823ರ ಆಗಸ್ಟ್‌ನಲ್ಲಿ ಆತ ಕಳಿಸಿದ ವರದಿಯ ಪ್ರಕಾರ ಜಿಲ್ಲೆಯಲ್ಲಿದ್ದ ಕಲಿಕೆಯ ತಾಣಗಳು 533, ಕಲಿಯುತ್ತಿದ್ದವರು 6,641. ಇವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಉಳಿದ 23 ಬ್ರಾಹ್ಮಣರಿಗಷ್ಟೇ ಮೀಸಲಾದ ವಿದ್ಯಾಸ್ಥಾನಗಳು. ಭಾಗಿಸಿ ನೋಡಿದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಈ ಹನ್ನೆರಡು ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆ ಶಾಲೆಗಳನ್ನು ನಮ್ಮವರು ಜಗಲಿ ಶಾಲೆ, ಕೂಲಿಮಠ, ಐಗಳ ಮಠ ಎಂದೆಲ್ಲ ಕರೆದರು. ಕ್ಯಾಂಬೆಲ್ ಅಲ್ಲಿನ ಒಂದು ಮುಂಜಾವನ್ನು ವರ್ಣಿಸುತ್ತಾನೆ. ಬೆಳಗಿನ ಆರಕ್ಕೆ ಶಾಲೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಮರ್ಯಾದೆಯಾಗಿ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಅಂಗೈಯಲ್ಲಿ ಸೊನ್ನೆ: ಹೊಗಳಿಕೆಗೂ ಅಲ್ಲ, ತೆಗಳಿಕೆಗೂ ಅಲ್ಲ ಎಂದು. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಒಂದೊಂದು ಏಟು ಹೆಚ್ಚುತ್ತ ಹೋಗುತ್ತದೆ. ಕ್ರೌರ್ಯವನ್ನು ನಾವು ಸಮರ್ಥಿಸುತ್ತಿಲ್ಲ. ಆದರೆ ಶಾಲೆಯ ಹೊಸ್ತಿಲಿನಲ್ಲೇ ಸ್ಥಾನಕ್ರಮ, ಸೊನ್ನೆ ಮತ್ತು ಸಮಾಂತರ ಶ್ರೇಢಿ ಮೂರನ್ನೂ ಮಗುವಿನ ಅಂಗೈಗೆ ಮುಟ್ಟಿಸುವ ಪಾಠ ಇನ್ನೊಂದಿದ್ದೀತೇ ಎಂದು ಒಂದು ಕ್ಷಣ ನಗು ಬಂದದ್ದೂ ನಿಜ.

ಎಲ್ಲರೂ ಸೇರಿದ ಮೇಲೆ ಮಕ್ಕಳನ್ನು ಅವರ ಸಂಖ್ಯೆ ಮತ್ತು ಕಲಿಕೆಗೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸುತ್ತಿದ್ದರು. ಸಾಮಾನ್ಯವಾಗಿ ನಾಲ್ಕು ಗುಂಪುಗಳು. ಕೆಳಗಿನ ಗುಂಪುಗಳು ಒಂದು ಮಟ್ಟಿಗೆ ಹಿರಿಯ ಹುಡುಗರ ವಶದಲ್ಲಿ. ಮೇಲಿನವು ನೇರವಾಗಿ ಉಪಾಧ್ಯಾಯರ ಬಳಿ. ಉಪಾಧ್ಯಾಯರ ಒಂದು ಕಣ್ಣು ಮಾತ್ರ ಸದಾ ಇಡೀ ಜಗಲಿಯ ಮೇಲೆ. ಮಗು ಒಂದು ಗುಂಪಿನಿಂದ ಮುಂದಿನದಕ್ಕೆ ಏರುವುದು ವಯಸ್ಸಿನಿಂದಲ್ಲ, ವರ್ಷ ಕಳೆದುದರಿಂದಲೂ ಅಲ್ಲ. ತನ್ನ ಶಕ್ತಿ ಮತ್ತು ಪ್ರಗತಿಯಿಂದ. ಮೊದಲ ಅಕ್ಷರ, ಮೊದಲ ಅಂಕಿ ಬೆರಳಿನಿಂದ ಮರಳಿನ ಮೇಲೆ. ಅನಂತರ ಹಲಗೆ, ಇಲ್ಲವೇ ಬಟ್ಟೆಗೆ ಇದ್ದಿಲ ಸರಿ ಬಳಿದು ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಡತ, ಬರೆಯಲು ಬಳಪ. ಕೂಡಿಸುವ ಕೋಷ್ಟಕ, ನೂರರವರೆಗಿನ ಎಣಿಕೆ, ಹಣದ ಸಂಕಲನ ವ್ಯವಕಲನ, ಗುಣಾಕಾರ, ಆಮೇಲೆ ಅಳತೆ ತೂಕಗಳ ಪರಿವರ್ತನೆ. ದಿನಕ್ಕೆ ಎರಡು ಬಾರಿ ಎಲ್ಲರೂ ಸಾಲಾಗಿ ನಿಂತು, ಹಿರಿಯ ಹುಡುಗನೊಬ್ಬ ಹೇಳಿಕೊಟ್ಟಂತೆ ಮಗ್ಗಿಗಳನ್ನು ಒಪ್ಪಿಸಬೇಕು.

ಕ್ಯಾಂಬೆಲ್‌ಗೆ ಸೋಜಿಗವೆನಿಸಿದ ಸಂಗತಿ ಭಿನ್ನರಾಶಿ. ಇಲ್ಲಿಯ ಭಿನ್ನಗಳು ಯುರೋಪಿನ ದಶಮಾಂಶಗಳಂತೆ ಹತ್ತರಿಂದ ಹತ್ತಕ್ಕೆ ಇಳಿಯುವುದಿಲ್ಲ, ನಾಲ್ಕರಿಂದ ನಾಲ್ಕಕ್ಕೆ ಇಳಿಯುತ್ತವೆ, ಅದೂ ಬಹು ದೂರದವರೆಗೆ, ಎಂದು ಆತ ಬರೆದ. ಇದನ್ನು ಓದಿದಾಗ ನಮಗೆ ಮನೆಯ ಮಾತು ಕೇಳಿದಂತಾಯಿತು. ಒಂದರಲ್ಲಿ ನಾಲ್ಕನೆಯ ಒಂದು ಕಾಲು. ಕಾಲಿನ ಕಾಲು ವೀಸ, ಅಂದರೆ ಹದಿನಾರರಲ್ಲೊಂದು. ವೀಸದ ಕಾಲು ಕಾಣಿ, ಅರವತ್ತನಾಲ್ಕರಲ್ಲೊಂದು. ಕಾಲು, ಅರೆ, ಮುಕ್ಕಾಲು ಎಂಬ ಮೂರು ಮೆಟ್ಟಿಲನ್ನು ಪ್ರತಿ ಅಂತಸ್ತಿನಲ್ಲೂ ಮತ್ತೆ ಮತ್ತೆ ಏರಿ ಇಳಿಯುವ ಲೆಕ್ಕ ಇದು. ಇದಕ್ಕೆ ಉಪಕರಣ ಬೇಕಿಲ್ಲ; ಒಂದು ಬಟ್ಟೆಯನ್ನು ಎರಡು ಬಾರಿ ಮಡಿಸಿದರೆ ಕಾಲು, ನಾಲ್ಕು ಬಾರಿ ಮಡಿಸಿದರೆ ವೀಸ, ಆರು ಬಾರಿ ಮಡಿಸಿದರೆ ಕಾಣಿ. ಕಡತವನ್ನು ದಿನವೂ ಬಿಚ್ಚಿ ಮಡಿಸುತ್ತಿದ್ದ ಮಗುವಿನ ಬೆರಳಿಗೆ ಈ ಗಣಿತ ಬಾಯಿಪಾಠಕ್ಕಿಂತ ಮುಂಚೆಯೇ ಗೊತ್ತಾಗಿರಬೇಕು ಎಂಬುದು ನಮ್ಮ ಊಹೆ. ಕ್ಯಾಂಬೆಲ್ ಹಾಗೆ ಹೇಳಿಲ್ಲ. ಕನ್ನಡದಲ್ಲಿ ಗಣಿತವನ್ನು ಬರೆದ ಪರಂಪರೆ ಹನ್ನೆರಡನೆಯ ಶತಮಾನದ ರಾಜಾದಿತ್ಯನಷ್ಟು ಹಳೆಯದು. ಆದರೆ ಜಗಲಿಯ ಹುಡುಗನಿಗೆ ಅದನ್ನು ತಲುಪಿಸಿದ್ದು ಗ್ರಂಥವಲ್ಲ; ಪಕ್ಕದಲ್ಲಿ ಕುಳಿತ, ತನಗಿಂತ ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಹುಡುಗ. ನಾಲ್ಕರ ಈ ಲೆಕ್ಕ 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ನಾಣ್ಯದಿಂದ ಮರೆಯಾಯಿತು. ಮಾತಿನಲ್ಲಿ ಮಾತ್ರ ಉಳಿದಿದೆ. ಇಂದಿಗೂ ನಾವು ಹೇಳುವ ಸತ್ಯ ಹದಿನಾರಾಣೆ ಸತ್ಯವೇ ಹೊರತು ನೂರು ಪೈಸೆ ಸತ್ಯವಲ್ಲ.

ಈ ಚಿತ್ರವನ್ನು ಸ್ವರ್ಗವೆಂದು ತೋರಿಸುವ ಆಸೆ ನಮಗಿಲ್ಲ. 1983ರಲ್ಲಿ ಧರ್ಮಪಾಲರು ಈ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಅವುಗಳನ್ನು ಹಿಡಿದು ಹಾಡಿ ಹೊಗಳಿದವರು ಬಹಳ. ಶೂದ್ರರೆಂದು ದಾಖಲಾದ ಮಕ್ಕಳು ಬ್ರಾಹ್ಮಣ ಮಕ್ಕಳಿಗಿಂತ ಹೆಚ್ಚಿದ್ದರು ಎಂಬುದು ನಿಜ, ಅದು ಸಣ್ಣ ಮಾತೂ ಅಲ್ಲ. ಆದರೆ 6,641 ಮಂದಿಯಲ್ಲಿ ಹುಡುಗಿಯರು 60. ಮುಸಲ್ಮಾನ ಮಕ್ಕಳು 243. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಆ ಜಗಲಿಯ ಮೆಟ್ಟಿಲು ಏರುವ ದಾರಿ ಇರಲಿಲ್ಲವೆಂದೇ ತಿಳಿಯಬೇಕು. ಜಿಲ್ಲೆಯ ಸಾವಿರ ಜನರಲ್ಲಿ ಶಾಲೆಯ ಮುಖ ಕಂಡವರು ಏಳು ಮಂದಿಯೂ ಇಲ್ಲ ಎಂದು ಕ್ಯಾಂಬೆಲ್ ತಾನೇ ಹೇಳಿದ್ದಾನೆ. ಅರ್ಥ ತಿಳಿಯದ ಪದ್ಯಗಳನ್ನು ಗಿಣಿಪಾಠ ಮಾಡಿಸುತ್ತಾರೆಂದೂ ಆತ ದೂರುತ್ತಾನೆ. ಜೊತೆಗೆ ಇನ್ನೊಂದನ್ನೂ ನಿರ್ದಾಕ್ಷಿಣ್ಯವಾಗಿ ಬರೆದ: ಯುರೋಪಿನ ಬಟ್ಟೆ ಬಂದು ಇಲ್ಲಿಯ ನೇಕಾರರು ಕೆಟ್ಟರು, ಹಣ ದೇಶದಿಂದ ಹೊರಗೆ ಹರಿಯಿತು, ಮಕ್ಕಳ ಓದಿಗೆ ಕಾಸು ಕೊಡುವ ಶಕ್ತಿ ಮಧ್ಯಮ ಮತ್ತು ಕೆಳವರ್ಗದವರಲ್ಲಿ ಉಳಿದಿಲ್ಲ, ಶಾಲೆಗಳು ಅದರಿಂದಲೇ ಕುಸಿಯುತ್ತಿವೆ ಎಂದು. ಕಂಪನಿಯ ಕಲೆಕ್ಟರನೊಬ್ಬ ಕಂಪನಿಗೇ ಬರೆದ ಮಾತು ಇದು.

ಅದೇ ವರದಿಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸೇರುವ ಒಂದು ಮಾತಿದೆ. ಮುಂದೆ ಹೋದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ಈ ಕ್ರಮ ಮೆಚ್ಚತಕ್ಕದ್ದು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಆಗಿದೆ ಎನ್ನುತ್ತಾನೆ ಕ್ಯಾಂಬೆಲ್. ಅಂದರೆ ಬಳ್ಳಾರಿಯಲ್ಲಿ ಕುಳಿತು ಆತ ಬರೆಯುವ ಹೊತ್ತಿಗೆ ಜಗಲಿ ಶಾಲೆ ಸಮುದ್ರ ದಾಟಿ ಮೂರು ದಶಕಗಳಾಗುತ್ತ ಬಂದಿದ್ದವು.

ದಾಟಿಸಿದವನು ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. 1789ರಿಂದ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಆಶ್ರಮದ ಮೇಲ್ವಿಚಾರಣೆ ಅವನದಾಗಿತ್ತು. ಒಂದು ದಿನ ದಾರಿಯಲ್ಲಿ ಹೋಗುತ್ತ ಜಗಲಿ ಶಾಲೆಯೊಂದರಲ್ಲಿ ಮಕ್ಕಳು ನೆಲದಲ್ಲಿ ಕುಳಿತು ಬೆರಳಿನಿಂದ ಮರಳಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯ ಶಿಕ್ಷಕರು ಅದನ್ನು ಮಾಡಲೊಪ್ಪದಾಗ ಎಂಟು ವರ್ಷದ ಜಾನ್ ಫ್ರಿಸ್ಕನ್ ಎಂಬ ಹುಡುಗನನ್ನೇ ಚಿಕ್ಕ ಮಕ್ಕಳಿಗೆ ಗುರುವಾಗಿಸಿದ. ಪ್ರಯೋಗ ಗೆದ್ದಿತು. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬಂತು, ಮದರಾಸ್ ಪದ್ಧತಿ ಎಂದೇ ಅದು ಹೆಸರಾಯಿತು. ಬೆಲ್ ನೋಡಿದ್ದು ಮದರಾಸಿನ ತಮಿಳು ಜಗಲಿ, ಬಳ್ಳಾರಿಯ ಕನ್ನಡ ಜಗಲಿಯಲ್ಲ. ಕ್ರಮ ಎರಡರದ್ದೂ ಒಂದೇ ಆಗಿತ್ತೆಂಬುದಕ್ಕೆ ಕ್ಯಾಂಬೆಲ್ ಸಾಕ್ಷಿ.

ಇದೇ ಕಾಲಕ್ಕೆ, 1798ರಲ್ಲಿ, ಲಂಡನ್ನಿನ ಬಡವರ ಕೇರಿಯಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಶಾಲೆ ತೆರೆದ. ದೊಡ್ಡ ಹಜಾರ. ಗೋಡೆಯುದ್ದಕ್ಕೂ ತೂಗುಹಾಕಿದ ಪಾಠದ ಫಲಕಗಳು. ಪ್ರತಿ ಫಲಕದ ಎದುರು ಅರ್ಧಚಂದ್ರಾಕಾರವಾಗಿ ನಿಂತ ಹತ್ತಾರು ಮಕ್ಕಳು, ಅವರ ನಡುವೆ ಕೋಲು ಹಿಡಿದ ಒಬ್ಬ ಮಾನಿಟರ್. ಗಂಟೆ ಬಾರಿಸಿದರೆ ಗುಂಪುಗಳು ಜಾಗ ಬದಲಿಸಬೇಕು. ಇಂದಿನ ತರಗತಿಯ ಕಲಿಕಾ ತಾಣಗಳ ಚಿತ್ರ ಬಹುಪಾಲು ಇಲ್ಲಿ ಸಿದ್ಧವಾಗಿದೆ. ಆದರೆ ಮುಖ್ಯವಾದುದೊಂದು ಕೆಟ್ಟಿತ್ತು. ಒಬ್ಬನೇ ಶಿಕ್ಷಕ ಸಾವಿರ ಮಕ್ಕಳಿಗೆ ಸಾಕು ಎಂಬುದು ಲ್ಯಾಂಕಾಸ್ಟರನ ಹೆಮ್ಮೆ. ಲೆಕ್ಕ ಕಲಿಸುವ ಮಾನಿಟರ್‌ಗೆ ಲೆಕ್ಕ ಬರಬೇಕಾಗಿಯೂ ಇಲ್ಲ, ಓದಲು ಬಂದರೆ ಸಾಕು ಎಂದ ಆತ. ಉತ್ತರ ಬರೆದ ಚೀಟಿ ಮಾನಿಟರನ ಕೈಯಲ್ಲಿರುತ್ತದೆ. ಅದರಂತೆ ಓದಿ ಹೇಳಿದರಾಯಿತು. ಬಳ್ಳಾರಿಯ ಜಗಲಿಯಲ್ಲಿ ಹಿರಿಯ ಹುಡುಗ ಕಲಿಸುತ್ತಿದ್ದುದು ತಾನು ಕಲಿತದ್ದನ್ನು, ಕಲಿಸಿದ್ದರಿಂದ ಮತ್ತೆ ಕಲಿಯುವುದಕ್ಕಾಗಿ. ಲಂಡನ್ನಿನಲ್ಲಿ ಅವನು ಸಂಬಳವಿಲ್ಲದ ಯಂತ್ರವಾದ. ಹನ್ನೆರಡು ಮಕ್ಕಳ ಪದ್ಧತಿಯನ್ನು ಸಾವಿರಕ್ಕೆ ಹಿಗ್ಗಿಸಿದಾಗ ಉಳಿದದ್ದು ಅದರ ಆಕಾರ ಮಾತ್ರ.

ಆ ಆಕಾರವೇ ಹಡಗೇರಿ ಮುಂಬಯಿಗೆ ಹಿಂತಿರುಗಿತು. 1815ರಲ್ಲಿ ಆರ್ಚ್‌ಡೀಕನ್ ಬಾರ್ನ್ಸ್ ಬಡ ಯುರೋಪಿಯನ್ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆಯ ಶಾಲೆ ಬೆಲ್‌ನ ಕ್ರಮವನ್ನು ಹಿಡಿಯಿತು. ಮುಂದೆ ಅದು ಇಲ್ಲಿಂದ ಕೂಗಳತೆಯ ಭೈಕಳಕ್ಕೆ ನೆಲೆ ಬದಲಿಸಿತು. ಅದರದೇ ಕವಲಾಗಿ 1822ರಲ್ಲಿ ದೇಶೀಯ ಮಕ್ಕಳ ಪುಸ್ತಕ ಮತ್ತು ಶಾಲೆಗಳಿಗಾಗಿ ಹುಟ್ಟಿದ ಸಂಘ 1827ರಿಂದ ಬಾಂಬೆ ನೇಟಿವ್ ಎಜುಕೇಶನ್ ಸೊಸೈಟಿ ಎನಿಸಿತು. ತರುಣ ಶಂಕರಶೇಟ್ ಅದರ ಆಧಾರಸ್ತಂಭಗಳಲ್ಲೊಬ್ಬರು. ಕಾರ್ಯದರ್ಶಿ ಕ್ಯಾಪ್ಟನ್ ಜಾರ್ಜ್ ಜರ್ವಿಸ್ ಗಣಿತದ ಪುಸ್ತಕಗಳನ್ನು ಮರಾಠಿಗೆ ತಂದ; ಬಾಳಶಾಸ್ತ್ರಿ ಜಾಂಭೇಕರರು ಮರಾಠಿಯಲ್ಲಿ ಕಲನಶಾಸ್ತ್ರದವರೆಗೆ ಹೋದರು, ಅವರ ಪುಸ್ತಕದ ಹೆಸರು ಶೂನ್ಯಲಬ್ಧಿ. ಇಷ್ಟು ದೊಡ್ಡ ಕೆಲಸ ಮಾಡಿದವರು ದೇಶೀಯ ಶಾಲೆಗಳಲ್ಲಿ ಬೋಧನಕ್ರಮವೇ ಇಲ್ಲವೆಂದು ಭಾವಿಸಿ ಲ್ಯಾಂಕಾಸ್ಟರನ ಕ್ರಮವನ್ನು ಔಷಧವೆಂದು ಸೂಚಿಸಿದರು. ತಾಯಿಗೆ ಮಗುವಿನ ಪರಿಚಯ ಮಾಡಿಕೊಟ್ಟಂತೆ! ಅದೇ ಮುಂಬಯಿ ಸರಕಾರದ ಕೌನ್ಸಿಲಿನ ಸದಸ್ಯ ಪ್ರೆಂಡರ್‌ಗಾಸ್ಟ್, 1821ರಲ್ಲೇ, ತಮ್ಮ ಪ್ರದೇಶದಲ್ಲಿ ಶಾಲೆಯಿಲ್ಲದ ಹಳ್ಳಿಯೇ ಅಪರೂಪ, ಒಂದೆರಡು ಹಿಡಿ ಧಾನ್ಯಕ್ಕೆ ಕಲಿಸುತ್ತಾರೆ, ಇಲ್ಲಿಯ ಸಣ್ಣ ವ್ಯಾಪಾರಿ ಮತ್ತು ರೈತ ತನ್ನ ಲೆಕ್ಕವನ್ನು ನಮ್ಮ ದೇಶದ ಕೆಳವರ್ಗದವರಿಗಿಂತ ಚೊಕ್ಕವಾಗಿ ಇಡಬಲ್ಲ ಎಂದು ಬರೆದಿಟ್ಟಿದ್ದ. ಕೇಳಿದವರು ಕಡಿಮೆ.

ನಾನಾ ಶಂಕರಶೇಟರನ್ನು ನಾವು ಈ ಒಂದು ಕಾರಣಕ್ಕೆ ಕಿರಿದು ಮಾಡಲಾರೆವು. ಬಳ್ಳಾರಿಯ ಜಗಲಿ ಅರವತ್ತಕ್ಕೆ ನಿಲ್ಲಿಸಿದ ಹುಡುಗಿಯರ ಲೆಕ್ಕವನ್ನು ಮುಂದಕ್ಕೆ ಒಯ್ದವರಲ್ಲಿ ಅವರೂ ಒಬ್ಬರು. 1849ರಲ್ಲಿ ಇಲ್ಲಿ ಹೆಣ್ಣುಮಕ್ಕಳ ಶಾಲೆಗಳು ತೆರೆದಾಗ ಗಿರ್ಗಾಂವಿನ ತಮ್ಮ ವಾಡಿಯಲ್ಲಿ ಜಾಗ ಕೊಟ್ಟರು. ಗ್ರಾಂಟ್ ರೋಡಿನಲ್ಲಿ 1846ರಲ್ಲಿ ಎದ್ದ ನಾಟಕಶಾಲೆಯ ಹಿಂದೆಯೂ ಅವರೇ. ನಮ್ಮ ಕರಾವಳಿಯ ಯಕ್ಷಗಾನ ಕಂಡು ಪ್ರೇರಿತರಾದ ವಿಷ್ಣುದಾಸ ಭಾವೆ ಮರಾಠಿ ನಾಟಕವನ್ನು ಆಡಿ ತೋರಿಸಿದ್ದು ಅದರಲ್ಲೇ. ಸಾಲ ಪಡೆದದ್ದನ್ನು ಮರೆಯದೆ ಹೇಳಿಕೊಳ್ಳುವುದರಲ್ಲಿ ರಂಗಭೂಮಿಯವರು ಶಿಕ್ಷಣದವರಿಗಿಂತ ಮೇಲು.

1855ರಲ್ಲಿ ಶಿಕ್ಷಣ ಇಲಾಖೆ ಬಂತು. ವಯಸ್ಸಿಗೊಂದು ತರಗತಿ, ವರ್ಷಕ್ಕೊಂದು ಪರೀಕ್ಷೆ, ಸಾಲು ಬೆಂಚು. ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಮರಾಠಿಯ ನೆರಳಿನಿಂದ ಕನ್ನಡ ಶಾಲೆಗಳನ್ನು ಎತ್ತಿ ನಿಲ್ಲಿಸಿದ್ದು ಇದೇ ಇಲಾಖೆಯ ಒಳಗಿದ್ದುಕೊಂಡು. ಅಲ್ಲಿ ಶಿಕ್ಷಕರಿಗಾಗಿ ಹೊರಟ ಪತ್ರಿಕೆಗೆ ಮಠಪತ್ರಿಕೆ ಎಂದೇ ಹೆಸರಿಟ್ಟರು. ಹಳೆಯ ಮಠದ ನೆನಪು ಹೆಸರಿನಲ್ಲಾದರೂ ಉಳಿಯಿತು. ಕನ್ನಡ ಗೆದ್ದಿತು, ಗುಂಪು ಸೋತಿತು. ಮಗ್ಗಿ ಉಳಿಯಿತು, ಮಡಿಸುವ ಬಟ್ಟೆ ಹೋಯಿತು.

ಗ್ರಾಂಟ್ ರೋಡಿನಿಂದ ಗಾಮದೇವಿಯತ್ತ ನಡೆದರೆ ಲಬರ್ನಮ್ ರಸ್ತೆಯಲ್ಲಿ ಮಣಿಭವನ. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗಲೆಲ್ಲ ತಂಗುತ್ತಿದ್ದ ಮನೆ. ಅವರ ಚರಕದ ಕಲಿಕೆಯ ಒಂದು ಅಧ್ಯಾಯ ಈ ಮನೆಯಲ್ಲಿ ನಡೆದಿದೆ. 1937ರಲ್ಲಿ ವಾರ್ಧಾದಲ್ಲಿ ಅವರು ನಯೀ ತಾಲೀಮನ್ನು ಮುಂದಿಟ್ಟಾಗ ಲೆಕ್ಕ ಮತ್ತೆ ಮಗುವಿನ ಕೈಗೆ ಬಂತು. ನಾಲ್ಕು ಅಡಿಯ 640 ಸುತ್ತು ನೂಲಾದರೆ ಒಂದು ಗುಂಡಿ. ಅದರ ಕಾಲು ಭಾಗ, 160 ಸುತ್ತು, ಒಂದು ಲಟ್ಟಿ. ಗುಂಪಿನ ಮಕ್ಕಳು ನೂತದ್ದನ್ನು ಕೂಡಿಸಿ, ಸರಾಸರಿ ತೆಗೆದು, ಹತ್ತಿಯ ತೂಕದೊಂದಿಗೆ ತಾಳೆ ನೋಡಬೇಕು. ಮತ್ತದೇ ಕಾಲಿನ ಲೆಕ್ಕ! ಆ ಪ್ರಯೋಗ ಏಕೆ ಸೊರಗಿತೆಂಬುದು ಬೇರೆಯೇ ಕಥೆ. ಮಕ್ಕಳ ದುಡಿಮೆಯಿಂದ ಶಾಲೆಯ ಖರ್ಚು ಹುಟ್ಟಬೇಕೆಂಬ ಹಟ ಅದಕ್ಕೆ ಒಳ್ಳೆಯದು ಮಾಡಲಿಲ್ಲವೆಂದಷ್ಟೇ ನಮ್ಮ ಅಭಿಪ್ರಾಯ. ಲ್ಯಾಂಕಾಸ್ಟರನನ್ನು ಕೆಡಿಸಿದ್ದೂ ಇದೇ ಮಿತವ್ಯಯದ ಮೋಹ.

ಜಗಲಿಯ ಕ್ರಮ ಕನ್ನಡ ನಾಡಿಗೆ ಮರಳಿ ಬಂದದ್ದು ಕಾಡಂಚಿನ ಒಂದು ತಾಲೂಕಿನ ಮೂಲಕ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ, ಸರಕಾರಿ ಶಾಲೆಯ ಕೆಲವು ಶಿಕ್ಷಕರು ನಲಿ-ಕಲಿ ಆರಂಭಿಸಿದರು. ಒಬ್ಬ ಶಿಕ್ಷಕ, ಮೂರು ತರಗತಿ, ಒಂದೇ ಕೋಣೆ: ಆ ಶಾಲೆಗಳ ದಿನನಿತ್ಯದ ಸ್ಥಿತಿ ಇದು. ಆಂಧ್ರದ ಋಷಿವ್ಯಾಲಿಯ ಸುತ್ತಲಿನ ಹಳ್ಳಿಶಾಲೆಗಳಲ್ಲಿ ರಮಾ ಮತ್ತು ಪದ್ಮನಾಭ ರಾವ್ ದಂಪತಿ ಇಂಥದೇ ಕೋಣೆಗಳಿಗಾಗಿ ಕಾರ್ಡುಗಳ ಕ್ರಮವೊಂದನ್ನು ರೂಪಿಸಿದ್ದರು. ಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳ ಮಾತಿಗೆ, ಹಾಡಿಗೆ, ಕಾಡಿಗೆ ಒಗ್ಗುವಂತೆ ತಾವೇ ಕಾರ್ಡು ಬರೆದರು. ಮೇಲಿನಿಂದ ಇಳಿದು ಬರುವ ಸುತ್ತೋಲೆಗಳ ನಾಡಿನಲ್ಲಿ ಶಿಕ್ಷಕರೇ ಕೆಳಗಿನಿಂದ ಕಟ್ಟಿದ್ದು ಎಂಬ ಕಾರಣಕ್ಕೇ ಇದು ನೆನಪಿಡಬೇಕಾದ ಘಟನೆ.

ನಲಿ-ಕಲಿ ಕೋಣೆಯಲ್ಲಿ ಸಾಲು ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ದುಂಡಗೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ. ಒಂದೊಂದು ಮೆಟ್ಟಿಲಿಗೆ ಒಂದೊಂದು ಚಿತ್ರದ ಗುರುತು. ಏಣಿಯಲ್ಲಿ ತಾನು ಎಲ್ಲಿದ್ದೇನೆಂದು ಮಗು ತಾನೇ ಕಂಡುಕೊಂಡು ತನ್ನ ಕಾರ್ಡು ಎತ್ತಿಕೊಳ್ಳುತ್ತದೆ, ಆ ಕಾರ್ಡಿನ ಗುರುತು ಹೇಳಿದ ಗುಂಪಿಗೆ ಹೋಗುತ್ತದೆ. ಗುಂಪುಗಳಿಗೆ ಅಲ್ಲಿಯ ಹೆಸರು ತಟ್ಟೆ. ಶಿಕ್ಷಕರ ಪೂರ್ಣ ನೆರವಿನ ಗುಂಪು, ಭಾಗಶಃ ನೆರವಿನ ಗುಂಪು, ಸಹಪಾಠಿಗಳ ನೆರವಿನ ಗುಂಪು, ತಾನೇ ಕಲಿಯುವ ಗುಂಪು. ಒಂದರಲ್ಲಿ ಹುಣಸೆಬೀಜ ಎಣಿಸಿ ಹತ್ತರ ಗುಡ್ಡೆ ಮಾಡುತ್ತಿದ್ದರೆ ಇನ್ನೊಂದರಲ್ಲಿ ಕಡ್ಡಿಯ ಕಟ್ಟು ಬಿಚ್ಚಿ ದಶಕ ಕಳೆಯುತ್ತಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಪ್ರತಿ ಮಗುವಿಗೂ ಒಂದು ಚೌಕ ಕಪ್ಪುಹಲಗೆ. ತಲೆಯ ಮೇಲೆ ದಾರದ ಚಪ್ಪರ, ಅದಕ್ಕೆ ಮಕ್ಕಳು ಮಾಡಿದ ಕೆಲಸಗಳ ತೋರಣ. ಸುಗ್ಗಿಗೋ ಜ್ವರಕ್ಕೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಇಡೀ ತರಗತಿ ಮುಂದೆ ಹೋಗಿಬಿಟ್ಟಿದೆ ಎಂಬ ಭಯವಿಲ್ಲ. ತಾನು ಬಿಟ್ಟ ಮೆಟ್ಟಿಲು ಅಲ್ಲೇ ಕಾದಿರುತ್ತದೆ. ಶಕ್ತಿ ಮತ್ತು ಪ್ರಗತಿಯಿಂದ ಏರುವುದು ಎಂದು ಕ್ಯಾಂಬೆಲ್ ಬರೆದದ್ದು ಇದನ್ನೇ, ಏಟು ಕಳೆದು, ಹುಡುಗಿಯರನ್ನು ಕೂಡಿಸಿ.

2009-10ರಲ್ಲಿ ಸರಕಾರ ಇದನ್ನು ಇಡೀ ರಾಜ್ಯದ ಸರಕಾರಿ ಶಾಲೆಗಳ ಮೊದಲೆರಡು ತರಗತಿಗಳಿಗೆ ಹಬ್ಬಿಸಿತು, ಬಳಿಕ ಮೂರನೆಯದಕ್ಕೂ. ಹಬ್ಬಿಸಿದಾಗ ಏನಾಗುತ್ತದೆಂದು ಲ್ಯಾಂಕಾಸ್ಟರನ ಕಥೆ ಓದಿದವರಿಗೆ ಹೇಳಬೇಕಿಲ್ಲ. ತಾವು ಬರೆಯದ ಕಾರ್ಡುಗಳು ಕೈಗೆ ಬಂದಾಗ ಹಲವು ಶಿಕ್ಷಕರಿಗೆ ಅವು ಹೊರೆಯಾದವು. ಕೆಲವೆಡೆ ಬೀರುವಿನಲ್ಲೇ ಉಳಿದವು. ಪುಸ್ತಕವಿಲ್ಲದ ಶಾಲೆ ಎಂಥದ್ದು ಎಂದು ತಂದೆತಾಯಂದಿರು ಕೇಳಿದರು, ಆ ಪ್ರಶ್ನೆ ಅನ್ಯಾಯದ್ದೇನಲ್ಲ. ನಾಲ್ಕನೆಯ ತರಗತಿಗೆ ಬಂದೊಡನೆ ಏಣಿ ಮುಗಿದು ಪಠ್ಯಪುಸ್ತಕ, ಸಾಲು ಬೆಂಚು ಎದುರಾಗುತ್ತವೆ. ಆ ಕಂದರಕ್ಕೆ ಸೇತುವೆಯಾಗಿ ಅಕ್ಷರ ಫೌಂಡೇಶನ್ನಿನ ಗಣಿತ ಕಲಿಕಾ ಆಂದೋಲನ ನಾಲ್ಕು, ಐದನೆಯ ತರಗತಿಗಳಿಗೆ ಮಣಿಚೌಕಟ್ಟು, ಭಿನ್ನದ ಪಟ್ಟಿಗಳಿರುವ ಪೆಟ್ಟಿಗೆಗಳನ್ನು ಒದಗಿಸಿತು. ಪೆಟ್ಟಿಗೆ ಒಳ್ಳೆಯದೇ. ಆದರೆ ನಮಗೆ ಕಂಡಂತೆ, ಈ ಎರಡು ಶತಮಾನಗಳಲ್ಲಿ ಸೋತದ್ದು ಎಂದೂ ಉಪಕರಣವಲ್ಲ. ಸಣ್ಣ ಗುಂಪು ಎಂಬಲ್ಲಿ ಗುಂಪನ್ನು ಉಳಿಸಿಕೊಂಡು ಸಣ್ಣ ಎಂಬುದನ್ನು ಪ್ರತಿಸಲವೂ ಕೈಬಿಟ್ಟಿದ್ದೇವೆ. ಮಗು ಮಗುವಿಗೆ ಕಲಿಸಬಲ್ಲದು, ಆದರೆ ಅದು ಕಲಿಸುವುದನ್ನು ಕೇಳಿಸಿಕೊಳ್ಳುವಷ್ಟು ಹತ್ತಿರ ಒಬ್ಬ ಹಿರಿಯರಿರಬೇಕು. ಹನ್ನೆರಡರಲ್ಲಿ ಅದು ಸಾಧ್ಯ, ಮೂವತ್ತರಲ್ಲಿ ಕಷ್ಟ, ಅರವತ್ತರಲ್ಲಿ ನಟನೆ.

ಮುಂಬಯಿಯಲ್ಲಿ ಕನ್ನಡ ಕಲಿಸುವ ಪ್ರಸಂಗ ಬಂದಾಗಲೆಲ್ಲ ನಾವು ಮೊದಲು ಎತ್ತುವ ದೂರು ಸಂಖ್ಯೆಯದೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರ ಕಾಲ ಮುಗಿಯಿತು. ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕರಗಿದರು. ಭಾನುವಾರ ನಮ್ಮ ಕೂಟದ ಕೆಲವರು ನಡೆಸುವ ಕನ್ನಡ ತರಗತಿಗೆ ಬರುವವರು ಹನ್ನೊಂದೋ ಹನ್ನೆರಡೋ ಮಕ್ಕಳು, ಆರು ವರ್ಷದವರಿಂದ ಹದಿಮೂರರವರೆಗೆ. ಇವರನ್ನು ಹೇಗೆ ವಿಂಗಡಿಸುವುದು, ಒಂದು ತರಗತಿಗೂ ಆಗುವಷ್ಟಿಲ್ಲವಲ್ಲ ಎಂದು ಬಹುಕಾಲ ಕೊರಗಿದೆವು. ಬಳ್ಳಾರಿಯ ಭಾಗಾಕಾರ ಮಾಡಿದ ಮೇಲೆ ಆ ಕೊರಗು ಬೇರೆ ರೀತಿಯಲ್ಲಿ ಕಾಣತೊಡಗಿದೆ.

ಲಿಪಿಗೆ ಮೊದಲು ಲೆಕ್ಕ ಹಿಡಿದದ್ದು ಆಕಸ್ಮಿಕ. ಮರಾಠಿಯಲ್ಲಿ ಇಪ್ಪತ್ತೊಂದು ಏಕವೀಸ್, ಅಂದರೆ ಬಿಡಿ ಮೊದಲು, ದಶಕ ಆಮೇಲೆ, ಬರೆಯುವಾಗ ತಿರುವುಮುರುವು. 2019ರಲ್ಲಿ ಬಾಲಭಾರತಿಯ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ವೀಸ್ ಏಕ್ ಎಂದು ಓದುವ ಸೂಚನೆ ಬಂದಾಗ ಮಹಾರಾಷ್ಟ್ರದಲ್ಲಿ ಎಷ್ಟು ಕೋಲಾಹಲವಾಯಿತೆಂಬುದು ಇಲ್ಲಿಯ ಓದುಗರಿಗೆ ನೆನಪಿರಬಹುದು. ಸಮಿತಿಯ ಅಧ್ಯಕ್ಷೆಯಾಗಿದ್ದ ಗಣಿತಜ್ಞೆ ಮಂಗಲಾ ನಾರಳೀಕರ್ ತಮ್ಮ ಪಕ್ಷಕ್ಕೆ ಕರೆದ ಸಾಕ್ಷಿಗಳಲ್ಲಿ ಕನ್ನಡವೂ ಒಂದು: ಇಪ್ಪತ್ತು, ಒಂದು, ಇಪ್ಪತ್ತೊಂದು. ಕಡ್ಡಿಯ ಎರಡು ಕಟ್ಟು, ಒಂದು ಬಿಡಿ. ಕೈ ಮಾಡಿದ್ದನ್ನು ಬಾಯಿ ಅದೇ ಕ್ರಮದಲ್ಲಿ ಹೇಳುತ್ತದೆ. ನಮ್ಮ ಒಂಬತ್ತಿನೊಳಗೂ ಹತ್ತಕ್ಕೊಂದು ಕಡಿಮೆ ಎಂಬ ಅರ್ಥ ಅಡಗಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುವುದನ್ನು ನಾವು ಮಕ್ಕಳಿಂದ ಸದ್ಯಕ್ಕೆ ಮುಚ್ಚಿಟ್ಟಿದ್ದೇವೆ. ಶಾಲೆಯಲ್ಲಿ ಇಂಗ್ಲಿಷಿನಲ್ಲೂ ಗೆಳೆಯರೊಡನೆ ಹಿಂದಿ ಮರಾಠಿಯಲ್ಲೂ ಎಣಿಸುವ ಈ ಮಕ್ಕಳಿಗೆ ಕನ್ನಡದಲ್ಲಿ ಎಣಿಸುವುದು ಸುಲಭವೆಂದು ಮೊದಲು ಹೇಳಿದ್ದು ನಾವಲ್ಲ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಆರು ವರ್ಷದವನೊಬ್ಬನಿಗೆ ಹೇಳುತ್ತಿದ್ದುದು ನಮ್ಮ ಕಿವಿಗೆ ಬಿತ್ತು.

ಈಗ ನಾಲ್ಕು ಗುಂಪು ಮಾಡಿದ್ದೇವೆ. ಒಂದರಲ್ಲಿ ಕಡ್ಡಿ, ಒಂದರಲ್ಲಿ ಪಾವು ಸೇರು ಮತ್ತು ಅಕ್ಕಿ, ಒಂದರಲ್ಲಿ ಮಡಿಸಲು ಹಳೆಯ ಪಂಚೆಯ ತುಂಡುಗಳು; ನಾಲ್ಕನೆಯದು ನಮ್ಮ ಬಳಿ. ಕಾಣಿಯವರೆಗೆ ಮಡಿಸಿದ ಬಟ್ಟೆ ಕೈಯಲ್ಲಿ ನಿಲ್ಲದಷ್ಟು ದಪ್ಪವಾಗುತ್ತದೆ, ಅರವತ್ತನಾಲ್ಕು ಪದರ. ಕ್ಯಾಂಬೆಲ್‌ನ ಕಥೆಯನ್ನೂ ಮಕ್ಕಳಿಗೆ ಹೇಳಿದೆವು, ಏಟಿನ ಭಾಗವನ್ನು ಕಥೆಯಲ್ಲೇ ಉಳಿಸಿ. ಮೊದಲು ಬಂದವರ ಅಂಗೈಯಲ್ಲಿ ಸರಸ್ವತಿಯ ಹೆಸರು ಕನ್ನಡ ಅಕ್ಷರದಲ್ಲಿ, ಎರಡನೆಯವರಿಗೆ ಸೊನ್ನೆ ಎಂದು ಗೊತ್ತುಮಾಡಿದೆವು. ಮೂರು ವಾರ ಸರಿಯಾಗಿ ನಡೆಯಿತು. ನಾಲ್ಕನೆಯ ಭಾನುವಾರ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಐದಾರು ಮಕ್ಕಳು ನಿಂತಿದ್ದರು, ಒಬ್ಬರೂ ಒಳಗೆ ಬರಲೊಲ್ಲರು. ಎಲ್ಲರಿಗೂ ಸೊನ್ನೆಯೇ ಬೇಕಾಗಿತ್ತು.